ಬೋರ್ಡೋ ದ್ರಾಕ್ಷಿತೋಟದ ನೀಲಿ ಮದ್ದು

ಮೇ ತಿಂಗಳ ಕೊನೆ ಬಂತೆಂದರೆ ನಮ್ಮ ಕಾಸರಗೋಡು ಕಡೆಯ ಅಡಿಕೆ ಕೃಷಿಕರ ಮನೆಗಳಲ್ಲಿ ಮೈಲುತುತ್ತು, ಸುಣ್ಣ, ಡ್ರಮ್ಮುಗಳದ್ದೇ ಮಾತು. ಮದ್ದು ಬಿಡುವವರು ಸಿಗುತ್ತಾರೋ ಇಲ್ಲವೋ ಎಂಬ ಚಿಂತೆ ಬೇರೆ. ಈ ಮದ್ದಿಗೆ ನಾವೆಲ್ಲ ಬೋರ್ಡೋ ದ್ರಾವಣ ಎನ್ನುತ್ತೇವೆ. ಬೋರ್ಡೋ ಎಂದರೆ ಕಂಪೆನಿಯ ಹೆಸರಲ್ಲ, ಕಂಡುಹಿಡಿದವರ ಹೆಸರೂ ಅಲ್ಲ. ಅದು ಫ್ರಾನ್ಸ್ ದೇಶದ ನೈಋತ್ಯದಲ್ಲಿರುವ ಒಂದು ನಗರ. ದ್ರಾಕ್ಷಾರಸಕ್ಕೆ ಲೋಕಪ್ರಸಿದ್ಧವಾದ ಸೀಮೆ. ನಮ್ಮ ತೋಟದ ಮದ್ದು ಅಲ್ಲಿ ಹುಟ್ಟಿದ ಬಗೆಯನ್ನು ಈ ಸಲ ತಿಳಿಯೋಣ.

ಬೋರ್ಡೋ ನಗರವನ್ನು ದಾಟಿ ಗರೋನ್ ಮತ್ತು ದೋರ್ದೋನ್ ಎಂಬ ಎರಡು ನದಿಗಳು ಸೇರಿ, ಜಿರೋಂದ್ ಎಂಬ ಅಗಲವಾದ ಅಳಿವೆಯಾಗಿ ಅಟ್ಲಾಂಟಿಕ್ ಸಾಗರಕ್ಕೆ ಹರಿಯುತ್ತವೆ. ಅಳಿವೆಯ ಎಡದಂಡೆಗೆ ಮೆದೋಕ್ ಎಂದು ಹೆಸರು. ಅಲ್ಲಿನ ನೆಲ ನೋಡಿದರೆ ನಮ್ಮವರು ಗದ್ದೆಗೂ ಬೇಡ, ತೋಟಕ್ಕೂ ಬೇಡ ಎಂದಾರು. ಎಲ್ಲಿ ನೋಡಿದರೂ ಹೊಳೆಗಲ್ಲು, ಜಲ್ಲಿ. ಆದರೆ ನೀರು ನಿಲ್ಲದ, ಬೇಗ ಬಿಸಿಯಾಗುವ ಆ ನೆಲವೇ ಕಬೆರ್ನೆ ಸೋವಿನ್ಯೋಂ ಎಂಬ ತಡವಾಗಿ ಹಣ್ಣಾಗುವ ಕಪ್ಪು ದ್ರಾಕ್ಷಿಗೆ ಒಪ್ಪುತ್ತದೆ. ಬಲದಂಡೆಯ ಸೇಂಟ್ ಎಮಿಲಿಯೋನ್ ಕಡೆ ಜೇಡಿಮಣ್ಣು, ಸುಣ್ಣಕಲ್ಲು. ಅಲ್ಲಿ ಮೆರ್ಲೋ ತಳಿಯೇ ಹೆಚ್ಚು.

ಕೊಯ್ಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಈ ಕಪ್ಪು ದ್ರಾಕ್ಷಿಯ ರಸಕ್ಕೆ ಕೆಂಪು ಬಣ್ಣವಿಲ್ಲ, ಬಣ್ಣವಿರುವುದು ಸಿಪ್ಪೆಯಲ್ಲಿ. ಆದುದರಿಂದ ಕೆಂಪು ದ್ರಾಕ್ಷಾರಸಕ್ಕೆ ಹಣ್ಣನ್ನು ಒಡೆದು ಸಿಪ್ಪೆಸಹಿತ ಹುದುಗಲು ಬಿಡುತ್ತಾರೆ. ಬಳಿಕ ರಸವನ್ನು ಬಸಿದು 225 ಲೀಟರು ಹಿಡಿಯುವ ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಗಸಿಯನ್ನು ಕೆಳಗಿಳಿಸಿ ರಸವನ್ನು ತಿಳಿಯಾಗಿಸಲು ಕೋಳಿಮೊಟ್ಟೆಯ ಬಿಳಿಯನ್ನು ಬೆರೆಸುವ ಹಳೆಯ ಕ್ರಮವೂ ಇದೆ.

1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟ ಫ್ರಾನ್ಸಿನ ದ್ರಾಕ್ಷಿ ಬೇರುಗಳನ್ನು ಹೀರಿ ತೋಟಗಳನ್ನು ಒಣಗಿಸತೊಡಗಿತು. ಅಮೆರಿಕದ ಬಳ್ಳಿಯ ಬೇರು ಈ ಕೀಟವನ್ನು ತಾಳಿಕೊಳ್ಳುತ್ತದೆಂದು ಕಂಡು, ಅದರ ಮೇಲೆ ತಮ್ಮ ತಳಿಯನ್ನು ಕಸಿ ಕಟ್ಟುವ ಉಪಾಯಕ್ಕೆ ಹೊರಟರು. ಆದರೆ ತರಿಸಿದ ಬಳ್ಳಿಗಳ ಜತೆ ಇನ್ನೊಂದು ಪೀಡೆಯೂ ಬಂತು. 1878ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡ ಮಿಲ್ಡ್ಯೂ ರೋಗವದು. ಎಲೆಯ ಅಡಿಭಾಗದಲ್ಲಿ ಬಿಳಿ ಬೂಷ್ಟು ಬಂದು, ಹಣ್ಣು ಸಿಹಿಯಾಗುವ ಮೊದಲೇ ಎಲೆಗಳು ಉದುರುತ್ತಿದ್ದವು. ಎಲೆಯಿಲ್ಲದ ಬಳ್ಳಿಯಲ್ಲಿ ಸಕ್ಕರೆ ಎಲ್ಲಿಂದ ಬಂದೀತು? ಒಂದು ಕಷ್ಟಕ್ಕೆ ಮದ್ದು ತರಲು ಹೋಗಿ ಇನ್ನೊಂದನ್ನು ಮನೆಗೆ ತಂದಂತಾಯಿತು. (ಬೂಷ್ಟೆಲ್ಲ ಕೆಟ್ಟದ್ದೆಂದು ಹೇಳುವಂತಿಲ್ಲ. ಬೋರ್ಡೋದ ದಕ್ಷಿಣಕ್ಕಿರುವ ಸೋತೆರ್ನ್‌ನಲ್ಲಿ ಬಿಳಿ ದ್ರಾಕ್ಷಿಗೆ ಬೇರೊಂದು ಬೂಷ್ಟು ಹಿಡಿಯಲೆಂದು ಕಾಯುತ್ತಾರೆ. ಅದು ಹಣ್ಣಿನ ನೀರನ್ನು ಕಡಿಮೆ ಮಾಡಿ ಸಿಹಿಯನ್ನು ಹೆಚ್ಚಿಸುತ್ತದೆ.)

1882ರ ಅಕ್ಟೋಬರ್ ಕೊನೆಯಲ್ಲಿ ಬೋರ್ಡೋದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಅಲೆಕ್ಸಿಸ್ ಮಿಲಾರ್ಡೆ ಎಂಬವರು ಮೆದೋಕಿನ ಸೇಂಟ್ ಜೂಲಿಯನ್ ಗ್ರಾಮದ ತೋಟಗಳ ನಡುವೆ ಹಾದುಹೋಗುತ್ತಿದ್ದರು. ತೋಟವೆಲ್ಲ ಎಲೆ ಉದುರಿ ಬೋಳಾಗಿತ್ತು. ದಾರಿಯ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿತ್ತು. ಹತ್ತಿರ ಹೋಗಿ ನೋಡಿದರೆ ಎಲೆಗಳ ಮೇಲೆ ನೀಲಿ ಬಣ್ಣದ ಕಲೆ. ವಿಚಾರಿಸಿದಾಗ ತಿಳಿದದ್ದು ಇಷ್ಟು: ದಾರಿಹೋಕರು ಹಣ್ಣು ಕದಿಯದಂತೆ, ವಿಷವೆಂದು ಹೆದರಿಸಲು ರೈತರು ತಾಮ್ರದ ಲವಣ ಮತ್ತು ಸುಣ್ಣ ಬಳಿಯುತ್ತಿದ್ದರು! ಅದೇ ದಾರಿಯಲ್ಲಿ ಎಷ್ಟೋ ಮಂದಿ ದಿನವೂ ನಡೆದಿದ್ದರು. ಇವರು ನಿಂತು ಕೇಳಿದರು.

ತೋಟದ ಮೇಲ್ವಿಚಾರಕ ಏರ್ನೆಸ್ಟ್ ಡೇವಿಡ್ ಮತ್ತು ರಸಾಯನ ಶಾಸ್ತ್ರಜ್ಞ ಗಯೋನ್ ಅವರ ನೆರವಿನಿಂದ ಪ್ರಯೋಗಗಳು ನಡೆದು, 1885ರಲ್ಲಿ ಮಿಲಾರ್ಡೆ ಪಾಕವನ್ನು ಪ್ರಕಟಿಸಿದರು. 100 ಲೀಟರು ನೀರಿಗೆ 8 ಕಿಲೋ ಮೈಲುತುತ್ತು, 30 ಲೀಟರಿಗೆ 15 ಕಿಲೋ ಸುಣ್ಣ. ಎರಡನ್ನೂ ಕೂಡಿಸಿ ಸಣ್ಣ ಹಿಡಿಸೂಡಿಯಿಂದ ಎಲೆಗೆ ಚಿಮುಕಿಸುವುದು. ತಾಮ್ರ ದ್ರಾಕ್ಷಾರಸಕ್ಕೆ ಸೇರೀತೆಂಬ ಭಯವಿತ್ತು. ಹುದುಗುವಾಗ ಅದರ ಬಹುಪಾಲು ಗಸಿಯೊಂದಿಗೆ ಕೆಳಗಿಳಿಯುತ್ತದೆಂದು ಪರೀಕ್ಷೆಯಿಂದ ತಿಳಿಯಿತು.

ನಮ್ಮ ಅಡಿಕೆಯ ಕೊಳೆರೋಗ, ಅಂದರೆ ಮಹಾಳಿ, ಈ ಮಿಲ್ಡ್ಯೂವಿನ ದಾಯಾದಿಯೇ. ಎರಡರ ರೋಗಾಣುಗಳೂ ನೀರಿನ ತೆಳುಪದರದಲ್ಲಿ ಈಜಿ ಗಿಡದೊಳಗೆ ನುಗ್ಗುತ್ತವೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬವರು 1910ರಲ್ಲಿ ಕೊಳೆರೋಗದ ಕುರಿತು ಪುಸ್ತಿಕೆ ಹೊರತಂದು ಬೋರ್ಡೋ ದ್ರಾವಣವನ್ನು ಸೂಚಿಸಿದರು. ಮಲೆನಾಡಿನಲ್ಲಿ ಅದಕ್ಕೆ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟುವುದೇ ಗತಿಯಾಗಿತ್ತು. ತಾಮ್ರವು ರೋಗಾಣುವನ್ನು ಒಳನುಗ್ಗುವ ಮೊದಲು ಕೊಲ್ಲುತ್ತದೆ, ನುಗ್ಗಿದ ಮೇಲೆ ಅದರಿಂದ ಪ್ರಯೋಜನವಿಲ್ಲ. ಕಾಯಿ ಉದುರತೊಡಗಿದ ಮೇಲೆ ಓಡಾಡುವವರು ಇದನ್ನು ಗಮನಿಸಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40-45 ದಿನಗಳ ಬಳಿಕ.

ನಾವು ಬಳಸುವುದು ಶೇಕಡಾ 1ರ ದ್ರಾವಣ. 1 ಕಿಲೋ ಮೈಲುತುತ್ತನ್ನು 50 ಲೀಟರು ನೀರಿನಲ್ಲಿ, 1 ಕಿಲೋ ಒಳ್ಳೆಯ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ಮೇ ಆಗಲಿ. ಉಜ್ಜಿದ ಚೂರಿಯನ್ನು ಅದ್ದಿ ತೆಗೆದಾಗ ಅಲಗು ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ತಯಾರಿಸಿದ ದಿನವೇ ಮುಗಿಸಿ.

ನಾವು ಚಿಕ್ಕವರಿದ್ದಾಗ ಮದ್ದು ಬಿಟ್ಟು ಮರದಿಂದಿಳಿದವರ ಮುಖವೆಲ್ಲ ನೀಲಿಯಾಗಿದ್ದುದನ್ನು ಕಂಡು ನಗುತ್ತಿದ್ದೆವು. ಅವರು ಅದೇ ಕೈಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಈಗ ನಗು ಬರುವುದಿಲ್ಲ. ದ್ರಾಕ್ಷಿತೋಟದಲ್ಲಿ ವರ್ಷಾನುಗಟ್ಟಲೆ ಇದೇ ಮದ್ದು ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಸೇರಿ ಗಾಯಗಳಾದುದನ್ನು 1969ರಲ್ಲಿ ಪೋರ್ಚುಗಲ್ಲಿನ ವೈದ್ಯರು ವರದಿ ಮಾಡಿದ್ದಾರೆ. ಮಣ್ಣಿಗೆ ಬಿದ್ದ ತಾಮ್ರವೂ ಕೊಳೆತು ಹೋಗುವಂಥದ್ದಲ್ಲ. ಬೋರ್ಡೋದ ಹಳೆಯ ತೋಟಗಳ ಮೇಲ್ಮಣ್ಣಿನಲ್ಲಿ ಅದು ಸಂಗ್ರಹವಾಗಿದೆ. ಯುರೋಪಿನ ಒಕ್ಕೂಟದಲ್ಲಿ 2019ರಿಂದ ಹೆಕ್ಟೇರಿಗೆ 7 ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರಕ್ಕಿಂತ ಹೆಚ್ಚು ಬಳಸುವಂತಿಲ್ಲ.

ಮರವೇರುವವರಿಗೆ ಕನ್ನಡಕ, ಮೂಗು ಬಾಯಿ ಮುಚ್ಚುವ ಮಾಸ್ಕ್, ಉದ್ದ ತೋಳಿನ ಅಂಗಿಯನ್ನು ತೋಟದ ಯಜಮಾನರೇ ಒದಗಿಸಲಿ. ಕಣ್ಣಿಗೆ ಹಾರಿದರೆ ಕೂಡಲೇ ಕಾಲು ಗಂಟೆ ಹೊತ್ತು ಶುದ್ಧ ನೀರು ಹೊಯ್ದು ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಉಳಿದ ಮೈಲುತುತ್ತು ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಅದನ್ನು ಅಡಿಗೆಮನೆಯ ಅಟ್ಟದಲ್ಲಿಡದೆ, ಮಕ್ಕಳ ಕೈಗೆಟುಕದಂತೆ ಬೀಗ ಹಾಕಿದ ಕೋಣೆಯಲ್ಲಿಡಿ. ಮದ್ದು ಕಲಸಿದ ಬಾಲ್ದಿಯನ್ನು ಮತ್ತೆ ಬಾವಿಕಟ್ಟೆಗೆ ತರಬೇಡಿ.