ಮತ್ತೊಮ್ಮೆ ಹಣ ಕಟ್ಟುವುದು ಲಾಭವೆ? ಇಸ್ಪೀಟಿನಲ್ಲಿ ಒಂದು ಗಣಿತಪಾಠ

ನಾಗರಪಂಚಮಿ ಬಂದಿತೆಂದರೆ ವಿಜಯಪುರದ ಸುತ್ತಿನ ಹಳ್ಳಿಗಳಲ್ಲಿ ಪಂದ್ಯಗಳ ಸಡಗರ. ಇಷ್ಟು ಎಸೆತಗಳಲ್ಲಿ ನಿಂಬೆಹಣ್ಣನ್ನು ಇಂಥ ಗುರಿ ಮುಟ್ಟಿಸುವೆನೆಂದು ಒಬ್ಬನು ಪಣ ಕಟ್ಟುವನು. ಸೋತರೆ “ಇನ್ನೊಮ್ಮೆ ನೋಡೋಣ” ಎನ್ನುವನು. ಈ “ಇನ್ನೊಮ್ಮೆ” ಎಂಬುದರ ಬೆಲೆಯೆಷ್ಟು? ಪೋಕರ್ ಎಂಬ ಇಸ್ಪೀಟಿನ ಆಟವು ಈ ಪ್ರಶ್ನೆಯನ್ನು ಲೆಕ್ಕಕ್ಕೆ ಸಿಕ್ಕುವಂತೆ ಮುಂದಿಡುತ್ತದೆ.

ಪೋಕರ್ ಪಂದ್ಯಾವಳಿಯಲ್ಲಿ ಎಲ್ಲರೂ ಸಮನಾದ ಪ್ರವೇಶಧನ ಕೊಟ್ಟು ಸಮನಾಗಿ ಬಿಲ್ಲೆಗಳನ್ನು ಪಡೆಯುವರು. ಬಿಲ್ಲೆಗಳನ್ನೆಲ್ಲ ಕಳೆದುಕೊಂಡವನು ಹೊರಬೀಳುವನು. ಆದರೆ ಕೆಲವು ಪಂದ್ಯಗಳಲ್ಲಿ, ಆರಂಭದ ನಿಗದಿತ ಅವಧಿಯೊಳಗೆ ಸೋತವನು ಮತ್ತೆ ಹಣ ಕಟ್ಟಿ ಹೊಸ ಬಿಲ್ಲೆಗಳನ್ನು ಕೊಳ್ಳಬಹುದು. ಕೂಡಿದ ಹಣವೇ ಬಹುಮಾನದ ನಿಧಿ.

ಜಲನಗರದ ಒಂದು ಮನೆಯಲ್ಲಿ 10 ಮಂದಿ ಗೆಳೆಯರು ಹೀಗೆ ಆಡುತ್ತಿರುವರೆಂದು ಭಾವಿಸೋಣ. 100 ರೂಪಾಯಿಗೆ 1000 ಬಿಲ್ಲೆ. ಈವರೆಗೆ 9 ಸಲ ಮರುಪಾವತಿಯಾಗಿದೆ. ನಿಧಿ 1900 ರೂಪಾಯಿ, ಬಿಲ್ಲೆಗಳು 19,000. ಈಗ ನಿಮ್ಮ ಕೈ ಬರಿದಾಗಿದೆ. ಮತ್ತೆ 100 ಕಟ್ಟಬೇಕೆ?

ಇಲ್ಲಿ ಮೊದಲು ಮರೆಯಬೇಕಾದದ್ದು, ಆಗಲೇ ಕಳೆದ ಹಣ. ಅದು ನಿಧಿಯಲ್ಲಿದೆ, ನಿಜ; ಆದರೆ ಅದರ ಮೇಲೆ ಈಗ ನಿಮಗೆ ಹಕ್ಕಿಲ್ಲ. “ಇಷ್ಟು ಹಾಕಿದ್ದೇನೆ, ಬಿಡುವುದು ಹೇಗೆ?” ಎನ್ನುವವನು ಸತ್ತ ಹಣವನ್ನು ಕಾಯುತ್ತಿರುವನು. ಕೇಳಬೇಕಾದ ಪ್ರಶ್ನೆ ಒಂದೇ: ಹೊಸ 100 ರೂಪಾಯಿಗೆ ಏನು ದೊರೆಯುವುದು?

ನೀವು ಕಟ್ಟಿದರೆ ನಿಧಿ 2000, ಬಿಲ್ಲೆಗಳು 20,000. ನಿಮ್ಮ ಪಾಲು ಇಪ್ಪತ್ತರಲ್ಲಿ ಒಂದು. ಎಲ್ಲರ ಚಾತುರ್ಯವೂ ಸಮನಾಗಿದ್ದು, ಗೆದ್ದವನಿಗೇ ನಿಧಿಯೆಲ್ಲ ಸಲ್ಲುವುದಾದರೆ, ನಿರೀಕ್ಷಿತ ಮೌಲ್ಯ 2000ದ ಇಪ್ಪತ್ತನೆಯ ಒಂದು ಭಾಗ, ಅಂದರೆ 100 ರೂಪಾಯಿ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಈ ಬಗೆಯ ಲೆಕ್ಕದ ಬೇರು 1654ರಲ್ಲಿದೆ. ನಡುವೆ ನಿಂತ ಆಟದ ಪಣವನ್ನು ಹಂಚುವುದು ಹೇಗೆಂದು ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಗಣಿತಜ್ಞರು ಆ ವರ್ಷ ಪತ್ರಗಳಲ್ಲಿ ಚರ್ಚಿಸಿದರು. ಸಂಭಾವ್ಯತೆಯ ಶಾಸ್ತ್ರಕ್ಕೆ ಅದೇ ತಳಹದಿಯಾಯಿತು.

ಬಹುಮಾನವನ್ನು ಮೂವರಿಗೆ 50, 30, 20 ಶೇಕಡಾ ಹಂಚಿದರೋ? ಆಗ ಬಿಲ್ಲೆಗಳ ಬೆಲೆ ಸಮನಾಗಿ ಉಳಿಯದು. ಎಲ್ಲ 20,000 ಬಿಲ್ಲೆಗಳನ್ನು ಗೆದ್ದವನಿಗೂ ದೊರೆಯುವುದು ಅರ್ಧ ನಿಧಿ ಮಾತ್ರ. ಆದ್ದರಿಂದ ಹೆಚ್ಚು ಬಿಲ್ಲೆಯುಳ್ಳವನಿಗೆ ಮತ್ತೊಂದು ಬಿಲ್ಲೆಯಿಂದ ಪ್ರಯೋಜನ ಕಡಿಮೆ, ಬರಿಗೈಯವನಿಗೆ ಹೆಚ್ಚು. ಉಳಿದ ಒಂಬತ್ತು ಮಂದಿಯ ಬಳಿ ಬಿಲ್ಲೆಗಳು ಸಮನಾಗಿದ್ದರೆ ನಿಮ್ಮ 1000 ಬಿಲ್ಲೆಗಳ ಮೌಲ್ಯ ಸುಮಾರು 105 ರೂಪಾಯಿಗಳಾಗುವುದು. ಹಾಗಾದರೆ ಕಟ್ಟುವುದೇ ಲೇಸಲ್ಲವೆ?

ಅವಸರ ಬೇಡ. ಆಟ ನಡೆಸುವವನು ಪ್ರತಿ 100ರಲ್ಲಿ 10 ರೂಪಾಯಿ ತನಗೆಂದು ಹಿಡಿದರೆ ನಿಧಿ 1800ಕ್ಕೆ ಇಳಿಯುವುದು, ನಿಮ್ಮ ಪಾಲಿನ 105 ಸುಮಾರು 94ಕ್ಕೆ ಕುಗ್ಗುವುದು. ಪ್ರತಿ ಮರುಪಾವತಿಯೂ ಸಣ್ಣ ಸೋರಿಕೆ. ಎಷ್ಟು ಸಲ ಕಟ್ಟಿದರೆ ಅಷ್ಟು ಸೋರಿಕೆ. ಎದುರಾಳಿಗಳು ನಿಮಗಿಂತ ಚತುರರಾಗಿದ್ದರೆ ಅದು ಇನ್ನೂ ಹಿರಿದು. “ಸೋತರೆ ಮತ್ತೆ ಕಟ್ಟಿದರಾಯಿತು” ಎಂದು ದುಡುಕಿ ಬಿಲ್ಲೆಗಳನ್ನು ಚೆಲ್ಲುವವನು ಆ ಸೋರಿಕೆಯನ್ನು ತಾನೇ ಅಗಲಿಸುವನು. ಆದ್ದರಿಂದ ಎಷ್ಟು ಸಲ ಕಟ್ಟಬಹುದೆಂಬುದನ್ನು ಕೂರುವ ಮೊದಲೇ ತೀರ್ಮಾನಿಸಬೇಕು. ಸೋತ ಮನಸ್ಸು ಒಳ್ಳೆಯ ಗಣಿತಜ್ಞನಲ್ಲ.

ಅಂತರ್ಜಾಲದ ಆಟದಲ್ಲಿ ಈ “ಇನ್ನೊಮ್ಮೆ” ಬೆರಳ ತುದಿಯಲ್ಲೇ ಇರುವುದರಿಂದ ಅಪಾಯ ಹೆಚ್ಚು. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಕಾಯಿದೆಯು ಅಂತರ್ಜಾಲದಲ್ಲಿ ಹಣವಿಟ್ಟು ಆಡಿಸುವುದನ್ನು ನಿಷೇಧಿಸಿತು. ಲೆಕ್ಕವನ್ನು ಪರೀಕ್ಷಿಸಲು ಹಣವೇನೂ ಬೇಕಿಲ್ಲ, ಹುಣಸೆಬೀಜಗಳೇ ಸಾಕು. ಓದುಗರು ಒಂದು ಪ್ರಶ್ನೆಯನ್ನು ಬಿಡಿಸಲಿ: ಗೆದ್ದವನಿಗೇ ನಿಧಿಯೆಲ್ಲ ಸಲ್ಲುವ ಪಂದ್ಯದಲ್ಲಿ, ನಡೆಸುವವನು 100ಕ್ಕೆ 10 ಹಿಡಿಯುತ್ತಿರಲು, ಒಟ್ಟು ನಾಲ್ಕು ಸಲ ಹಣ ಕಟ್ಟಿದ ಸಮಚತುರನ ನಿರೀಕ್ಷಿತ ನಷ್ಟವೆಷ್ಟು? ಉತ್ತರ 40 ರೂಪಾಯಿ ಬಂದರೆ ಪಾಠ ತಿಳಿಯಿತೆಂದು ಎಣಿಸಬಹುದು.