ಬೇಲೂರಿಗೆ ಬಸ್ಸಲ್ಲಿ ಬಂದವರ ಹಾಗೆ ಇಟಲಿಗೆ ಹೋಗಬೇಡಿ

ಪ್ರಶ್ನೆ: ನಾನು ಹೊಳೆನರಸೀಪುರದವಳು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ ಹೋದ ವರ್ಷ ನಿವೃತ್ತಳಾದೆ. ಬೆಂಗಳೂರಿನಲ್ಲಿರುವ ಮಗಳು, ಅಳಿಯ ನಮ್ಮನ್ನು ಇಟಲಿಗೆ ಕರೆದುಕೊಂಡು ಹೋಗುತ್ತೇವೆ ಅಂತ ಹೊರಟಿದ್ದಾರೆ. ನಾನು, ನಮ್ಮ ಯಜಮಾನರು, ಅರಕಲಗೂಡಿನ ತಂಗಿ, ಅವಳ ಗಂಡ, ಮಗಳು, ಅಳಿಯ, ಒಟ್ಟು ಆರು ಜನ. ತಂಗಿ ಮನೆಯವರದು ಹೊಗೆಸೊಪ್ಪಿನ ಬೇಸಾಯ. ಅಳಿಯಂದಿರು ಪಟ್ಟಿ ಮಾಡಿದ್ದಾರೆ: ಸೆಪ್ಟೆಂಬರಿನಲ್ಲಿ 12 ದಿನ. ಮಿಲಾನ್, ವೆನಿಸ್, ಪೀಸಾ, ಫ್ಲಾರೆನ್ಸ್, ರೋಮ್, ನೇಪಲ್ಸ್, ಅದರ ಜೊತೆಗೆ ಚಿಂಕ್ವೆ ತೆರ್ರೆ ಮತ್ತು ಅಮಾಲ್ಫಿ ಎಂಬ ಎರಡು ಕಡಲ ತೀರ. ನನಗೆ ಮಂಡಿ ನೋವು. ನಾವು ನಾಲ್ವರೂ ಮೊಟ್ಟೆಯನ್ನೂ ಮುಟ್ಟದವರು. ತಂಗಿಗಂತೂ ಇನ್ನೂ ಪಾಸ್‌ಪೋರ್ಟೇ ಆಗಿಲ್ಲ. ಆ ಪಟ್ಟಿ ನೋಡಿದರೆ ಎದೆ ಡವಡವ ಅನ್ನುತ್ತದೆ. ಅಳಿಯಂದಿರು ಚನ್ನರಾಯಪಟ್ಟಣದ ಬೀಗರಿಗೂ ಆಗಲೇ ಹೇಳಿಬಿಟ್ಟಿದ್ದಾರೆ. ಬೇಡ ಅಂದರೆ ಅವರಿಗೆ ಬೇಜಾರು, ಹೂಂ ಅಂದರೆ ನನಗೆ ಭಯ. ಏನು ಮಾಡಲಿ?
ಒಬ್ಬ ನಿವೃತ್ತ ಶಿಕ್ಷಕಿ, ಹೊಳೆನರಸೀಪುರ

ಉತ್ತರ: ಅಕ್ಕಾ, ನಿಮ್ಮ ಭಯ ಸರಿಯಾದ ಭಯ. ಅದು ನಿಮ್ಮ ವಯಸ್ಸಿನದೋ ಮಂಡಿಯದೋ ಅಲ್ಲ, ಆ ಪಟ್ಟಿಯದು. ಮೂವತ್ತು ವರ್ಷದವರು ಓದಿದರೂ ಎದೆ ಡವಡವ ಅನ್ನಬೇಕಾದ ಪಟ್ಟಿ ಅದು.

ಬೆಂಗಳೂರಿನಿಂದ ನಸುಕಿನಲ್ಲೇ ಹೊರಟು ನಮ್ಮ ಜಿಲ್ಲೆಗೆ ಬರುವ ಪ್ರವಾಸಿ ಬಸ್ಸುಗಳನ್ನು ನೀವು ನೋಡಿಯೇ ಇರುತ್ತೀರಿ. ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರೂ ಒಂದೇ ದಿನದಲ್ಲಿ ಮುಗಿಯಬೇಕು. ವಿಂಧ್ಯಗಿರಿಯನ್ನು ಏದುಸಿರು ಬಿಡುತ್ತಾ ಹತ್ತಿ ಇಳಿದು, ಹಳೇಬೀಡಿನಲ್ಲಿ ಚಪ್ಪಲಿ ಬಿಟ್ಟು ಹಾಕುವಷ್ಟರಲ್ಲಿ ಡ್ರೈವರ್ ಹಾರನ್ ಹೊಡೆಯುತ್ತಾನೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಲು ತೊಡಗಿದ ಚೆನ್ನಕೇಶವನ ಗುಡಿಯ ಮದನಿಕೆಯರ ಮುಂದೆ ಅವರು ನಿಲ್ಲುವುದು ಒಂದು ಫೋಟೊಕ್ಕೆ ಬೇಕಾಗುವಷ್ಟು ಹೊತ್ತು. ಊರಿನವರಾದ ನಮಗೆ ಅದನ್ನು ನೋಡಿ ಎಷ್ಟು ಸಲ ಸಂಕಟವಾಗಿದೆ! ಅಷ್ಟು ದೂರದಿಂದ ಬಂದವರು, ಇನ್ನೊಂದು ದಿನ ಇದ್ದು ಸಮಾಧಾನವಾಗಿ ನೋಡಿಕೊಂಡು ಹೋಗಬಾರದಿತ್ತೇ ಅನ್ನಿಸಿದೆ. ನಿಮ್ಮ ಅಳಿಯಂದಿರ ಪಟ್ಟಿ ಅದೇ ಬಸ್ಸು. ಬೇಲೂರಿನ ಜಾಗದಲ್ಲಿ ಫ್ಲಾರೆನ್ಸ್ ಬಂದಿದೆ, ಅಷ್ಟೇ.

ಲೆಕ್ಕ ಮೇಷ್ಟರಮ್ಮನಿಗೆ ನಾನು ಹೇಳಿಕೊಡಬೇಕಿಲ್ಲ, ಆದರೂ ಹಾಕಿ ನೋಡೋಣ. ಎಂಟು ಜಾಗ ಎಂದರೆ ಏಳು ಸಲ ಗಂಟುಮೂಟೆ ಕಟ್ಟಬೇಕು. ಒಂದೊಂದು ಸಲವೂ ಕೋಣೆ ಖಾಲಿ ಮಾಡಿ, ಸ್ಟೇಷನ್ನಿಗೆ ನಡೆದು, ರೈಲು ಹಿಡಿದು, ಹೊಸ ಊರಿನಲ್ಲಿ ಹೋಟೆಲು ಹುಡುಕಿ, ಕೋಣೆ ಸಿಗುವವರೆಗೆ ಕಾಯುವುದಕ್ಕೆ ಅರ್ಧ ದಿನ ಹೋಗುತ್ತದೆ. ಏಳು ಅರ್ಧ ದಿನ, ಮೂರೂವರೆ ದಿನ. ಹೋಗಿ ಬರುವ ವಿಮಾನಕ್ಕೆ ಎರಡು ದಿನ. ಹನ್ನೆರಡರಲ್ಲಿ ಉಳಿದದ್ದು ಆರೂವರೆ. ಆರೂವರೆ ದಿನಕ್ಕೆ ಎಂಟು ಊರು.

ನನ್ನ ಸಲಹೆ: ನಾಲ್ಕೇ ಊರು, ಹತ್ತು ರಾತ್ರಿ. ವೆನಿಸ್ ಎರಡು, ಫ್ಲಾರೆನ್ಸ್ ಎರಡು, ಸಲೆರ್ನೊ ಮೂರು, ರೋಮ್ ಮೂರು. ಮಿಲಾನ್, ಪೀಸಾ, ಚಿಂಕ್ವೆ ತೆರ್ರೆ ಬಿಡಿ. ನೇಪಲ್ಸಿನಲ್ಲಿ ತಂಗಬೇಡಿ. ಬೆಂಗಳೂರಿನಿಂದ ಇಟಲಿಗೆ ನೇರ ವಿಮಾನವಿಲ್ಲ. ದುಬೈ, ದೋಹಾ ಮುಂತಾದ ಕಡೆ ಇಳಿದು ಹತ್ತಬೇಕು. ಹೇಗಿದ್ದರೂ ಬದಲಾಯಿಸುವುದು ಇದ್ದದ್ದೇ, ಹಾಗಾಗಿ ವೆನಿಸಿನಲ್ಲಿ ಇಳಿದು ರೋಮಿನಿಂದ ಹೊರಡುವ ಹಾಗೆ ಒಂದೇ ಟಿಕೆಟ್ ಮಾಡಿಸಿ. ಬಂದ ದಾರಿಯಲ್ಲೇ ವಾಪಸು ಹೋಗುವ ಒಂದು ದಿನ ಉಳಿಯುತ್ತದೆ. ಒಳಗಿನ ಓಡಾಟಕ್ಕೆಲ್ಲ ರೈಲು. ವೆನಿಸಿನಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ, ಸಲೆರ್ನೊದಿಂದ ರೋಮಿಗೆ ಸುಮಾರು ಎರಡು ಗಂಟೆ. ಫ್ಲಾರೆನ್ಸಿನಿಂದ ಸಲೆರ್ನೊಗೆ ನೇರ ರೈಲು ಇದೆ; ಇರುವುದರಲ್ಲಿ ಉದ್ದದ ಪ್ರಯಾಣ ಅದೊಂದೇ. ಕಾರು ಬಾಡಿಗೆಗೆ ಹಿಡಿಯುವ ಯೋಚನೆ ಅಳಿಯಂದಿರಿಗಿದ್ದರೆ ಬಿಡಿಸಿ. ಹಳೆಯ ಪೇಟೆಗಳ ಒಳಗೆ ಹೊರಗಿನವರ ವಾಹನಕ್ಕೆ ನಿರ್ಬಂಧವಿದೆ. ಕ್ಯಾಮೆರಾ ಹಿಡಿದ ದಂಡದ ನೋಟಿಸು ಊರಿಗೆ ಬಂದು ತಿಂಗಳುಗಳಾದ ಮೇಲೆ ತಲುಪುತ್ತದೆ.

ಈಗ ಕಡಲ ತೀರದ ಮಾತು. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ.

ಫೋಟೊಗಳಲ್ಲಿ ಗುಡ್ಡದ ಮೇಲೆ ಬಣ್ಣಬಣ್ಣದ ಮನೆಗಳು ಒಂದರ ಮೇಲೊಂದು ಕೂತಿರುತ್ತವಲ್ಲ, ಆ ಮನೆಗಳ ನಡುವಿನ ಓಣಿಗಳೆಲ್ಲ ಮೆಟ್ಟಿಲು. ಅಮಾಲ್ಫಿ ತೀರದ ಪೊಸಿಟಾನೊ ಎಂಬ ಊರಂತೂ ನೆತ್ತಿಯಿಂದ ಕಡಲವರೆಗೂ ಮೆಟ್ಟಿಲೇ. ಅಲ್ಲಿ ಹೋಟೆಲು ಹಿಡಿದರೆ ದಿನಕ್ಕೆರಡು ಸಲ ಬೆಟ್ಟ ಹತ್ತಿ ಇಳಿದ ಹಾಗೆ. ಚಿಂಕ್ವೆ ತೆರ್ರೆಯ ಐದು ಹಳ್ಳಿಗಳದ್ದೂ ಅದೇ ಕಥೆ. ಅದರಲ್ಲಿ ಕೊರ್ನಿಲಿಯಾಕ್ಕೆ ರೈಲು ನಿಲ್ದಾಣದಿಂದಲೇ ಮುನ್ನೂರ ಎಪ್ಪತ್ತಕ್ಕೂ ಹೆಚ್ಚು ಮೆಟ್ಟಿಲು. ಅದಕ್ಕೇ ಸಲೆರ್ನೊ ಎಂದದ್ದು. ಅದು ಅಮಾಲ್ಫಿ ತೀರದ ಪೂರ್ವದ ಕೊನೆಯಲ್ಲಿರುವ ದೊಡ್ಡ ಪಟ್ಟಣ. ಕಡಲಂಚಿನ ಉದ್ದದ ರಸ್ತೆ ಸಮತಟ್ಟು, ರೈಲು ನಿಲ್ದಾಣ ಊರೊಳಗೇ ಇದೆ, ಕೋಣೆಯ ಬಾಡಿಗೆ ಪೊಸಿಟಾನೊಗಿಂತ ಎಷ್ಟೋ ಕಡಿಮೆ. ಅಲ್ಲಿಂದ ಬೆಳಗ್ಗೆ ದೋಣಿ ಹತ್ತಿದರೆ ಅರ್ಧ ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ಅಮಾಲ್ಫಿ. ಪೊಸಿಟಾನೊವನ್ನು ನೀರಿನ ಮೇಲಿಂದ ನೋಡಿ. ಆ ಊರು ಅತ್ಯಂತ ಚೆಂದವಾಗಿ ಕಾಣುವುದೂ ನೀರಿನ ಮೇಲಿಂದಲೇ. ಅಮಾಲ್ಫಿಯ ದೊಡ್ಡ ಚರ್ಚಿಗೆ 62 ಮೆಟ್ಟಿಲು. ಮಂಡಿ ಒಪ್ಪಿದರೆ ಹತ್ತಿ, ಇಲ್ಲದಿದ್ದರೆ ಕೆಳಗಿನ ಚೌಕದಲ್ಲಿ ಕೂತು ಒಂದು ಕಾಫಿ ಕುಡಿಯಿರಿ. ಇನ್ನೊಂದು ದಿನ ಸಲೆರ್ನೊದಿಂದ ದಕ್ಷಿಣಕ್ಕೆ ಸುಮಾರು ಅರ್ಧ ಗಂಟೆಯ ರೈಲಿನಲ್ಲಿ ಪೆಸ್ಟುಮ್‌ಗೆ ಹೋಗಿ. ಎರಡೂವರೆ ಸಾವಿರ ವರ್ಷದಷ್ಟು ಹಳೆಯ ಮೂರು ಗ್ರೀಕ್ ಗುಡಿಗಳು ಬಯಲಿನಲ್ಲಿ ನಿಂತಿವೆ. ಹತ್ತುವುದು ಇಳಿಯುವುದು ಏನೂ ಇಲ್ಲ. ಹೊಯ್ಸಳರ ಕೆತ್ತನೆಯ ನಡುವೆ ಬೆಳೆದ ಕಣ್ಣಿಗೆ ಆ ಬೋಳು ಕಂಬಗಳ ಗಾತ್ರ, ಸಾಲು ಬೇರೆಯೇ ಏನನ್ನೋ ಹೇಳುತ್ತವೆ. ಗಡಿಬಿಡಿಯ ಪಟ್ಟಿಗಳಲ್ಲಿ ಇದರ ಹೆಸರೇ ಇರುವುದಿಲ್ಲ. ನನ್ನನ್ನು ಕೇಳಿದರೆ ಇದಕ್ಕಾಗಿ ಪೀಸಾದ ಗೋಪುರವನ್ನು ಬಿಡಬಹುದು.

ಮಂಡಿಗೆ ಒಂದು ಪರೀಕ್ಷೆ ನಾನೇ ಇಡುತ್ತೇನೆ. ಬೀಗರ ಮನೆಗೆ ಹೋದಾಗ ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಬೆಳಗಿನ ತಂಪಿನಲ್ಲಿ ನಿಧಾನವಾಗಿ ಹತ್ತಿ. ದೊಡ್ಡಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಬೇಡ. ಮಾರನೆಯ ದಿನ ಬೆಳಗ್ಗೆ ಎದ್ದಾಗ ಮಂಡಿ ಏನು ಹೇಳುತ್ತದೆ, ನೋಡಿ. ಅದು ಹೇಳಿದ್ದನ್ನು ಮೊದಲು ವೈದ್ಯರಿಗೆ, ಆಮೇಲೆ ಅಳಿಯಂದಿರಿಗೆ ತಿಳಿಸಿ. ವೆನಿಸಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲು. ಪೆಟ್ಟಿಗೆ ಎತ್ತಿಕೊಂಡು ಅವನ್ನು ದಾಟಬಾರದು. ಅದಕ್ಕೆ ಸಾಂತಾ ಲುಚಿಯಾ ರೈಲು ನಿಲ್ದಾಣದ ಬಗಲಲ್ಲೇ, ಸೇತುವೆ ದಾಟದ ಕಡೆ ಕೋಣೆ ಹಿಡಿಯಿರಿ. ಒಬ್ಬರಿಗೆ ಒಂದೇ ಪೆಟ್ಟಿಗೆ, ಅದೂ ನೀವೇ ಒಂದು ಕೈಯಲ್ಲಿ ಎತ್ತುವಷ್ಟು ಹಗುರ.

ಸರತಿಯ ವಿಷಯ ಹಾಸನದವರಿಗೆ ಗೊತ್ತಿರುವುದೇ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಧರ್ಮದರ್ಶನದ ಸಾಲಿನಲ್ಲಿ ಎಷ್ಟು ಗಂಟೆ ನಿಂತಿಲ್ಲ ನಾವು! ರೋಮಿನ ಕೊಲೊಸಿಯಂ, ವ್ಯಾಟಿಕನ್ ಮ್ಯೂಸಿಯಂ, ಫ್ಲಾರೆನ್ಸಿನ ದಾವೀದನ ವಿಗ್ರಹವಿರುವ ಅಕಾಡೆಮಿಯಾ, ಈ ಮೂರಕ್ಕೆ ಗಂಟೆ ನಮೂದಿಸಿದ ಟಿಕೆಟ್ಟನ್ನು ಮನೆಯಿಂದಲೇ ತೆಗೆದುಕೊಳ್ಳಬೇಕು. ಟಿಕೆಟ್ಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ಅಕಾಡೆಮಿಯಾಕ್ಕೆ ಸೋಮವಾರ ರಜೆ. ವ್ಯಾಟಿಕನ್ ಮ್ಯೂಸಿಯಮ್ಮಿಗೆ ತಿಂಗಳ ಕೊನೆಯದು ಬಿಟ್ಟು ಉಳಿದ ಭಾನುವಾರಗಳಂದು ರಜೆ. ಆ ದಾವೀದ ಸುಮಾರು 17 ಅಡಿ, ಕೆತ್ತಿದ್ದು 1501ರಿಂದ 1504ರವರೆಗೆ. 58 ಅಡಿಯ ಗೊಮ್ಮಟನನ್ನು ಚಿಕ್ಕಂದಿನಿಂದ ನೋಡಿದವರು ನೀವು. ದಾವೀದನಿಗಿಂತ ಐದು ಶತಮಾನ ಹಿಂದೆ ನಮ್ಮವರು ಬೆಟ್ಟದ ನೆತ್ತಿಯ ಬಂಡೆಯಲ್ಲೇ ಕಡೆದದ್ದು ಅದು. ಇಬ್ಬರನ್ನೂ ಮನಸ್ಸಿನಲ್ಲಿ ಎದುರುಬದುರು ನಿಲ್ಲಿಸಿಕೊಂಡು ಹತ್ತು ನಿಮಿಷ ಅಲ್ಲಿ ಕೂತಿರಿ. ದಾವೀದ ಕಾಳಗಕ್ಕೆ ಅಣಿಯಾಗುತ್ತಿದ್ದಾನೆ, ಗೊಮ್ಮಟ ಗೆದ್ದ ಮೇಲೆ ಎಲ್ಲ ಬಿಟ್ಟು ನಿಂತಿದ್ದಾನೆ. ಬೇರೆ ದೇಶದ ಪ್ರವಾಸಿಗಳಿಗೆ ಸಿಗದ ನೋಟ ಇದು.

ಶಿಕ್ಷಕಿಯಾದ ನಿಮಗೆಂದೇ ಇನ್ನೊಂದು ಜಾಗ. ಪಿಯೆತ್ರೊ ದೆಲ್ಲ ವಲ್ಲೆ ಎಂಬ ರೋಮಿನ ಪ್ರವಾಸಿ 1623ರಲ್ಲಿ ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ಆಗ ಅಲ್ಲಿ ಆಳುತ್ತಿದ್ದವನು ವೆಂಕಟಪ್ಪ ನಾಯಕ. ದಾರಿಯ ಗುಡಿಯೊಂದರಲ್ಲಿ ಹುಡುಗರು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಾ, ರಾಗವಾಗಿ ಹೇಳಿಕೊಳ್ಳುತ್ತಾ ಲೆಕ್ಕ ಕಲಿಯುತ್ತಿದ್ದುದನ್ನು ನಿಂತು ನೋಡಿ, ತನ್ನ ಪತ್ರದಲ್ಲಿ ಬರೆದಿಟ್ಟ. ನಮ್ಮ ನಾಡಿನ ಶಾಲೆಯೊಂದರ ಅಂಥ ಚಿತ್ರ ಅಷ್ಟು ಹಿಂದಿನದು ಸಿಗುವುದು ಅಪರೂಪ. ಅವನ ಸಮಾಧಿ ರೋಮಿನ ಅರಚೇಲಿ ಚರ್ಚಿನಲ್ಲಿದೆ. ಮುಂಭಾಗದಲ್ಲಿ 124 ಮೆಟ್ಟಿಲು; ಕಾಂಪಿದೋಲಿಯೊ ಚೌಕದ ಕಡೆಯಿಂದ ಬಂದರೆ ಪಕ್ಕದ ಬಾಗಿಲಿದೆ. ಒಳಗೆ ಹೋಗಲು ಟಿಕೆಟ್ಟಿಲ್ಲ.

ಊಟಕ್ಕೆ ಹೆದರಬೇಡಿ, ಕೇಳದೆ ತಿನ್ನಲೂ ಬೇಡಿ. ಟೊಮೆಟೊ ಪಾಸ್ತಾ, ತರಕಾರಿ ಪಿಜ್ಜಾ ಎಲ್ಲೆಡೆ ಸಿಗುತ್ತದೆ. ಮುಸುಕಿನ ಜೋಳದ ಹಿಟ್ಟಿನಿಂದ ಮಾಡುವ ಪೊಲೆಂತಾ ವೆನಿಸ್ ಕಡೆಯ ಊಟ. ಮುದ್ದೆ ಉಂಡು ಬೆಳೆದವರಿಗೆ ಒಗ್ಗುತ್ತದೆ. ಎಚ್ಚರ ಇರಬೇಕಾದದ್ದು ಎರಡು ಕಡೆ. ತರಕಾರಿ ಸೂಪು, ಅನ್ನದ ರಿಸೊತ್ತೊ ಮಾಂಸದ ಸಾರಿನಲ್ಲಿ ಬೆಂದಿರಬಹುದು. ಪಾರ್ಮೆಸಾನ್, ಪೆಕೊರಿನೊ ಚೀಸುಗಳಲ್ಲಿ ಹಾಲು ಒಡೆಸಲು ಕರುವಿನ ಅಥವಾ ಕುರಿಮರಿಯ ಜಠರದಿಂದ ತೆಗೆದ ರೆನ್ನೆಟ್ ಬಳಸುತ್ತಾರೆ. ಇದು ಗೊತ್ತಿಲ್ಲದೆ ತಿಂದು ಆಮೇಲೆ ನೊಂದವರನ್ನು ಬಲ್ಲೆ, ಅದಕ್ಕೆ ಬಿಡಿಸಿ ಹೇಳಿದೆ. ಮಾಂಸ, ಮೀನು, ಮೊಟ್ಟೆ, ಚೀಸು ಬೇಡ ಎಂದು ಇಟಾಲಿಯನ್ನಿನಲ್ಲಿ ಮಗಳ ಕೈಲಿ ಬರೆಸಿದ ಚೀಟಿ ನಾಲ್ವರ ಪರ್ಸಿನಲ್ಲೂ ಇರಲಿ. ಚಟ್ನಿಪುಡಿ, ಒಣ ಅವಲಕ್ಕಿ ಕಟ್ಟಿಕೊಳ್ಳಿ. ತುಪ್ಪ, ಹಾಲಿನ ಸಿಹಿ ಬೇಡ. ಹೊರಗಿನ ಹಾಲಿನ ಪದಾರ್ಥವನ್ನು ಯುರೋಪಿನ ಒಕ್ಕೂಟ ಒಳಗೆ ಬಿಡುವುದಿಲ್ಲ. ಕಾಫಿ ಕೇಳುವಾಗ ಬರೀ ಲಾತ್ತೆ ಎಂದರೆ ಹಾಲು ಮಾತ್ರ ಬರುತ್ತದೆ, ಕಾಫೆ ಲಾತ್ತೆ ಎನ್ನಿ. ನಿಂತು ಕುಡಿದರೆ ಅಗ್ಗ. ನಮ್ಮ ದೇಶದ ಕಾಫಿಯ ಅತಿ ದೊಡ್ಡ ಖರೀದಿದಾರ ಇಟಲಿಯೇ. ಆ ಲೋಟದಲ್ಲಿ ಸಕಲೇಶಪುರದ ತೋಟದ ಬೀಜವೂ ಇರಬಹುದು.

ವೀಸಾ ಶೆಂಗನ್ ಎಂಬುದು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ದೊಡ್ಡವರಿಗೆ ಶುಲ್ಕ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಎಲ್ಲರೂ ಬೆಂಗಳೂರಿಗೆ ಹೋಗಬೇಕು. ತಂಗಿಯ ಗಂಡ ರೈತರಾದ್ದರಿಂದ ಆದಾಯ ತೆರಿಗೆಯ ಕಾಗದ ಇರಲಿಕ್ಕಿಲ್ಲ. ಪಹಣಿ, ಹೊಗೆಸೊಪ್ಪು ಮಾರಿದ ರಸೀದಿ, ಬ್ಯಾಂಕಿನ ವಿವರ, ಖರ್ಚು ತಮ್ಮದೆಂದು ಮಗಳು ಅಳಿಯ ಬರೆದ ಪತ್ರ, ಇಷ್ಟನ್ನೂ ಇಂಗ್ಲಿಷ್ ಅನುವಾದದ ಜೊತೆ ಇಡಿ. ವೀಸಾ ಕೈಗೆ ಬರುವ ತನಕ ಹಣ ವಾಪಸು ಬಾರದ ಟಿಕೆಟ್ ಕೊಳ್ಳಬೇಡಿ.

ಇನ್ನು ಸೆಪ್ಟೆಂಬರು. ಆಗ ಇಟಲಿಯ ಹವೆ ಚೆನ್ನಾಗಿರುತ್ತದೆ, ನಿಜ. ಆದರೆ ಅರಕಲಗೂಡಿನಲ್ಲಿ ಅದು ಹೊಗೆಸೊಪ್ಪು ಮುರಿದು ಬ್ಯಾರನ್‌ನಲ್ಲಿ ಬೆಂಕಿ ಹಾಕಿ ಹದ ಮಾಡುವ ಕಾಲ. ಬೆಂಕಿ ಬಿಟ್ಟು ಬಂದ ರೈತನಿಗೆ ವೆನಿಸಿನಲ್ಲೂ ಕಾಣುವುದು ಬ್ಯಾರನ್ನೇ. ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಮುಗಿದು, ಮೇ ತಿಂಗಳ ನಾಟಿಗೆ ಮೊದಲು ಸಿಗುವ ಏಪ್ರಿಲ್ ನಿಮಗೆ ಸರಿ. ಸಸಿ ಮಡಿಗೆ ನೀರು ಹಾಯಿಸಲು ಒಬ್ಬರನ್ನು ಗೊತ್ತು ಮಾಡಿದರಾಯಿತು. ಅಮಾಲ್ಫಿಯ ದೋಣಿಗಳೂ ಆ ಹೊತ್ತಿಗೆ ಓಡತೊಡಗುತ್ತವೆ. ಈಸ್ಟರ್ ವಾರ ಮತ್ತು ಏಪ್ರಿಲ್ 25ರ ಅವರ ರಾಷ್ಟ್ರೀಯ ರಜೆಯ ಸುತ್ತಮುತ್ತ ಮಾತ್ರ ಬೇಡ, ವಿಪರೀತ ಜನ.

ಇದನ್ನೆಲ್ಲ ಹೇಳುವುದು ಹೇಗೆ ಎಂಬುದೇ ನಿಮ್ಮ ನಿಜವಾದ ಸಂಕಟ ಅಂತ ನನಗೆ ಗೊತ್ತು. ಅಳಿಯನ ಎದುರು ಬೇಡ ಎನ್ನುವುದು ನಮ್ಮ ಕಡೆ ಅತ್ತೆಗೆ ಸುಲಭವಲ್ಲ. ಆದರೆ ಸುಮ್ಮನೆ ಹೂಂ ಅಂದು ಹೋಗಿ, ಮೂರನೆಯ ದಿನ ಮಂಡಿ ಹಿಡಿದುಕೊಂಡು ಕೋಣೆಯಲ್ಲಿ ಉಳಿದರೆ, ಅಳಿಯಂದಿರಿಗೆ ಆಗುವ ನೋವು ಇದಕ್ಕಿಂತ ದೊಡ್ಡದು. ಪ್ರೀತಿಯಿಂದ ಪಟ್ಟಿ ಮಾಡಿದವರು ಅವರು. ಒಂದು ಜಾಗವೂ ತಪ್ಪಿಹೋಗಬಾರದು ಎಂಬ ಆಸೆಗೇ ಪಟ್ಟಿ ಅಷ್ಟುದ್ದವಾಗಿದೆ. ಮಗಳ ಮೂಲಕ ಹೇಳಿಕಳಿಸಬೇಡಿ, ನೀವೇ ಮಾತಾಡಿ. "ಅಳಿಯಂದ್ರೇ, ನೀವು ಕರ್ಕೊಂಡು ಹೋಗ್ತೀನಿ ಅಂದಿದ್ದೇ ನಮ್ಗೆ ದೊಡ್ಡದು. ನಾಲ್ಕೂರು ತೋರ್ಸಿ, ನಿಮ್ಜೊತೆ ಕೂತ್ಕೊಂಡು ನೋಡ್ತೀವಿ. ಎಂಟೂರು ನನ್ ಕಾಲಲ್ಲಿ ಆಗಲ್ಲ," ಎನ್ನಿ. ಅವರಿಬ್ಬರಿಗೆ ಚಿಂಕ್ವೆ ತೆರ್ರೆಯನ್ನು ನೋಡಲೇಬೇಕೆಂದಿದ್ದರೆ, ನೀವು ನಾಲ್ವರು ಫ್ಲಾರೆನ್ಸಿನಲ್ಲಿ ಇರುವ ದಿನ ಅವರಿಬ್ಬರೇ ಬೆಳಗ್ಗೆ ಹೋಗಿ ರಾತ್ರಿ ಬರಲಿ. ಗಂಡ ಹೆಂಡತಿಗೆ ಅಂಥ ಒಂದು ದಿನ ಸಿಕ್ಕರೆ ಒಳ್ಳೆಯದೇ.

ಎಲ್ಲಕ್ಕಿಂತ ಮೊದಲು ತಂಗಿಯ ಪಾಸ್‌ಪೋರ್ಟ್. ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಆಧಾರಿನಲ್ಲಿ ಹೆಸರಿನ ಇನಿಷಿಯಲ್ ಒಂದು ಥರ, ಉಳಿದ ದಾಖಲೆಗಳಲ್ಲಿ ಇನ್ನೊಂದು ಥರ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಈ ವಾರವೇ ಅವರಿಂದ ಅರ್ಜಿ ಹಾಕಿಸಿ.