ಹಲ್ಲಿನ ಹಿಂದೊಂದು ಹಲ್ಲು ಬಂದಾಗ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಕ್ಕಳ ಹಲ್ಲು ನೋಡುತ್ತ ಬಂದವನು ನಾನು. ಆರೇಳು ವರ್ಷದ ಮಗುವಿನ ಕೈಹಿಡಿದು ಬರುವ ತಾಯಂದಿರಿಂದ ಪದೇ ಪದೇ ಕೇಳುವ ಮಾತು ಇದು: "ಡಾಕ್ಟ್ರ, ಹಾಲಹಲ್ಲು ಇನ್ನೂ ಬಿದ್ದಿಲ್ರೀ, ಹಿಂದ ಇನ್ನೊಂದ್ ಸಾಲ ಬಂದೈತಿ." ಅವರಿಗೆ ನಾನು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಇದು ರೋಗವಲ್ಲ. ಕೆಳದವಡೆಯ ಮುಂದಿನ ಶಾಶ್ವತ ಹಲ್ಲುಗಳು ಹುಟ್ಟುವ ಜಾಗವೇ ಹಾಲಹಲ್ಲಿನ ಬೇರಿನ ಹಿಂದೆ, ನಾಲಿಗೆಯ ಕಡೆಗೆ ಇರುತ್ತದೆ. ಹೊಸ ಹಲ್ಲು ಮೇಲೇರುತ್ತ ಹಳೆಯದರ ಬೇರನ್ನು ಕರಗಿಸುತ್ತದೆ, ಬೇರು ಕರಗಿದ ಹಾಲಹಲ್ಲು ಸಡಿಲಾಗಿ ಬೀಳುತ್ತದೆ. ಹೊಸ ಹಲ್ಲು ಸ್ವಲ್ಪ ಹಿಂದಕ್ಕೆ ಸರಿದು ಏರಿದರೆ ಬೇರು ಪೂರ್ತಿ ಕರಗುವುದಿಲ್ಲ, ಆಗ ಎರಡೂ ಒಟ್ಟಿಗೆ ಕಾಣುತ್ತವೆ. ಅಪಶಕುನವೂ ಅಲ್ಲ, ತಾಯಿಯ ತಪ್ಪೂ ಅಲ್ಲ.

2. ಹೊಸ ಹಲ್ಲನ್ನಲ್ಲ, ಹಳೆಯದನ್ನು ಮುಟ್ಟಿ ನೋಡಿ. ಕೈ ತೊಳೆದು, ಹಾಲಹಲ್ಲನ್ನು ಒಣ ಅರಿವೆಯಲ್ಲಿ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಅಲುಗಿದರೆ ಕಾಯಬಹುದು. ಮಗುವೇ ದಿನಾ ನಾಲಿಗೆಯಿಂದ, ಬೆರಳಿನಿಂದ ಆಡಿಸಲಿ. ರೊಟ್ಟಿ, ಗಜ್ಜರಿ ಮುಂದಿನ ಹಲ್ಲಿನಿಂದಲೇ ಕಚ್ಚಿ ತಿನ್ನಲಿ. ಎರಡು ಮೂರು ತಿಂಗಳಾದರೂ ಬೀಳದಿದ್ದರೆ, ಇಲ್ಲವೇ ಹಿಂದಿನ ಹಲ್ಲು ಅರ್ಧ ಮೇಲೆದ್ದರೂ ಮುಂದಿನದು ಒಂಚೂರೂ ಮಿಸುಕದಿದ್ದರೆ ಕೀಳಿಸುವುದೇ ಒಳ್ಳೆಯದು. ಬಾಗಿಲಿಗೆ ದಾರ ಕಟ್ಟಿ ಎಳೆಯುವುದು ಬೇಡ. ಗಟ್ಟಿ ಹಲ್ಲನ್ನು ಹಾಗೆ ಎಳೆದರೆ ಬೇರು ಮುರಿಯಬಹುದು, ಮಗುವಿಗೆ ಹಲ್ಲಿನ ಡಾಕ್ಟರೆಂದರೆ ಆಗದಂತಾಗುತ್ತದೆ.

3. ಕಿತ್ತ ಮರುದಿನವೇ ಸಾಲು ನೇರವಾಗುವುದಿಲ್ಲ. ಜಾಗ ಸಿಕ್ಕರೆ ನಾಲಿಗೆಯೇ ಹೊಸ ಹಲ್ಲನ್ನು ಮುಂದಕ್ಕೆ ನೂಕುತ್ತದೆ, ಅದಕ್ಕೆ ಕೆಲವು ತಿಂಗಳು ಬೇಕು. ಎಂಟೊಂಬತ್ತು ವರ್ಷದವರೆಗೆ ದವಡೆ ಮುಂಭಾಗದಲ್ಲಿ ಅಗಲವಾಗುತ್ತದೆ, ಆದ್ದರಿಂದ ಆರನೇ ವರ್ಷಕ್ಕೇ ಕ್ಲಿಪ್ ಹಾಕಿಸುವ ಅವಸರ ಬೇಡ. ಹಲ್ಲು ಅಗಲ, ದವಡೆ ಚಿಕ್ಕದು ಎನ್ನುವಂಥ ಮಕ್ಕಳಿಗೆ ಮುಂದೆ ಕ್ಲಿಪ್ ಬೇಕಾಗಬಹುದು. ಹೊಸ ಹಲ್ಲಿಗೆ ಜಾಗ ಮಾಡುತ್ತೇವೆಂದು ಪಕ್ಕದ ಹಾಲಹಲ್ಲುಗಳನ್ನೂ ಕೀಳಿಸುವ ಮಾತು ಬಂದರೆ ಎಕ್ಸ್-ರೇ ತೆಗೆಸದೆ ಒಪ್ಪಬೇಡಿ.

4. ಮೇಲಿನ ದವಡೆಯಲ್ಲಾದರೆ ತಡಮಾಡಬೇಡಿ. ಮೇಲಿನ ಹೊಸ ಹಲ್ಲು ಅಂಗುಳದ ಕಡೆಗೆ ಬಂದರೆ, ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲಿನ ಹಿಂದೆ ಸಿಕ್ಕಿಬೀಳುತ್ತದೆ. ಆಮೇಲೆ ನಾಲಿಗೆ ಎಷ್ಟು ನೂಕಿದರೂ ಮುಂದೆ ಬಾರದು. ಇಲ್ಲಿ ಹಲವರು ಹಿಂಜರಿಯುವುದು "ಮ್ಯಾಲಿನ ಹಲ್ಲು ಕಿತ್ರ ಕಣ್ಣು ಹೋಗ್ತಾವ" ಎಂಬ ಭಯಕ್ಕೆ. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಹಾಲಹಲ್ಲು ಕಿತ್ತರೆ ಕಣ್ಣಿಗೆ ಏನೂ ಆಗುವುದಿಲ್ಲ.

5. ಗುಳೆ ಹೋಗುವ ಮನೆಗೆ "ಎರಡು ತಿಂಗಳು ಬಿಟ್ಟು ಬನ್ನಿ" ಎನ್ನಲಾಗದು. ದಸರಾ ದೀಪಾವಳಿ ಆಸುಪಾಸಿನಲ್ಲಿ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೊರಟವರು ತಿರುಗಿ ಬರುವುದು ಬೇಸಿಗೆಗೆ. ಅಂಥ ಮಗುವಿನ ಹಾಲಹಲ್ಲು ಗಟ್ಟಿಯಾಗಿದ್ದರೆ ಹೊರಡುವ ಮೊದಲೇ ಕೀಳಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ತಾಲ್ಲೂಕು ಆಸ್ಪತ್ರೆಯಲ್ಲಿ ದಂತ ವಿಭಾಗವಿದೆಯೇ ಕೇಳಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ವಿಜಯಪುರದಲ್ಲಿ ಅಲ್-ಅಮೀನ್ ದಂತ ಕಾಲೇಜು ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆ, ಅಂಗನವಾಡಿಗಳಿಗೆ ಬಂದಾಗ ಹುಳುಕು ಹಲ್ಲನ್ನೂ ನೋಡುತ್ತದೆ. ಅಂದು ಮಗುವನ್ನು ಶಾಲೆ ಬಿಡಿಸಬೇಡಿ.

6. ಎಲ್ಲರೂ ಮುಂದಿನ ಹಲ್ಲು ನೋಡುತ್ತಾರೆ, ಹಾಳಾಗುವುದು ಹಿಂದಿನದು. ನನ್ನನ್ನು ಹೆಚ್ಚು ಕಾಡುವುದು ಇದೇ. ಆರನೇ ವರ್ಷಕ್ಕೆ, ಕೊನೆಯ ಹಾಲಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆ ನಾಲ್ಕು ದವಡೆ ಹಲ್ಲುಗಳು ಸದ್ದಿಲ್ಲದೆ ಹುಟ್ಟುತ್ತವೆ. ಹಾಲಹಲ್ಲು ಒಟ್ಟು 20, ಮೇಲೆ ಹತ್ತು, ಕೆಳಗೆ ಹತ್ತು. ಒಂದು ಪಕ್ಕದಲ್ಲಿ ನಡುವಿನಿಂದ ಎಣಿಸಿದಾಗ ಐದಾದ ಮೇಲೆ ಸಿಗುವ ಆರನೆಯದು ಜೀವನಪೂರ್ತಿ ಇರಬೇಕಾದ ಹಲ್ಲು. ಮುಂದಿನ ಎರಡು ಸಾಲು ತೋರಿಸಲು ಬಂದ ಮಗುವಿನ ಬಾಯಲ್ಲಿ ಬ್ಯಾಟರಿ ಬಿಟ್ಟರೆ, ಆರನೇ ಹಲ್ಲಿನ ಗೀರಿನಲ್ಲಿ ಬಿಸ್ಕಿಟ್ ಮೆತ್ತಿಕೊಂಡು, ಕೆಳಗೆ ಕಪ್ಪು ತೂತು ಬಿದ್ದಿರುತ್ತದೆ. "ಅದು ಬಿದ್ದು ಬ್ಯಾರೆ ಬರ್ತೈತಿ ಬಿಡ್ರೀ" ಎನ್ನುತ್ತಾರೆ. ಬರುವುದಿಲ್ಲ. ತೂತು ಸಣ್ಣದಿದ್ದಾಗಲೇ ಸಿಮೆಂಟ್ ತುಂಬಿಸಿ. ಹುಳುಕು ಹತ್ತುವ ಮೊದಲೇ ಬಂದರೆ ಗೀರುಗಳನ್ನು ಮುಚ್ಚುವ ಲೇಪ ಹಾಕಬಹುದು, ಸೂಜಿ ಬೇಕಿಲ್ಲ.

ಹಿಂದಿನ ಹಾಲಹಲ್ಲುಗಳನ್ನೂ ಹಗುರವಾಗಿ ಕಾಣಬೇಡಿ. ಅವು ಬೀಳುವುದು ಹತ್ತು ಹನ್ನೆರಡನೇ ವರ್ಷಕ್ಕೆ. ನೋವೆಂದು ಏಳಕ್ಕೇ ಕೀಳಿಸಿದರೆ ಪಕ್ಕದ ಹಲ್ಲು ವಾಲಿ, ಅಡಿಯಲ್ಲಿರುವ ಹೊಸ ಹಲ್ಲಿನ ದಾರಿ ಮುಚ್ಚುತ್ತದೆ.

7. ಹೊಸ ಹಲ್ಲು ಸ್ವಲ್ಪ ಹಳದಿ, ಅಂಚು ಗರಗಸದ ಹಾಗೆ ಇದ್ದರೆ ಅದು ಸಹಜ. ಸುಣ್ಣದಂಥ ಬಿಳಿ ಗೆರೆ, ಕಂದು ಕಲೆ ಬಂದಿದ್ದರೆ ಕುಡಿಯುವ ನೀರನ್ನು ವಿಚಾರಿಸಿ. ನಮ್ಮ ಜಿಲ್ಲೆಯ ಹಲವೆಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಏಳಕ್ಕೆ ಕಾಣುವ ಹಲ್ಲಿನ ಹೊರಪದರ ರೂಪುಗೊಳ್ಳುವುದು ಹುಟ್ಟಿದಾಗಿನಿಂದ ನಾಲ್ಕೈದು ವರ್ಷದೊಳಗೆ. ಹಾಗಾಗಿ ಈಗ ಇದ್ದಿಲು, ಉಪ್ಪು ಹಾಕಿ ತಿಕ್ಕಿದರೆ ಕಲೆ ಹೋಗುವುದಿಲ್ಲ, ಹಲ್ಲು ಸವೆಯುತ್ತದೆ. ನೀರು ಕಾಯಿಸಿದರೂ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಮನೆಯಲ್ಲಿ ಚಿಕ್ಕ ಮಗುವಿದ್ದರೆ ಅದಕ್ಕಾದರೂ ಹೊಳೆ ನೀರಿನ ನಳದ್ದೋ ಶುದ್ಧ ಘಟಕದ್ದೋ ನೀರು ಕುಡಿಸಿ.

8. ಮಗುವಿಗೆ ಉಣಿಸಿ ಕರೆತನ್ನಿ, ಹಸಿದ ಮಗು ಬಾಯಿ ತೆರೆಯುವುದಿಲ್ಲ. "ಸುಮ್ಮನಿರದಿದ್ರ ಡಾಕ್ಟ್ರ ಕಡೆ ಸೂಜಿ ಮಾಡಸ್ತೀನಿ" ಎಂದು ಮನೆಯಲ್ಲಿ ಅಂಜಿಸಬೇಡಿ. ಕಿತ್ತ ಹಲ್ಲನ್ನು ಕೇಳಿದರೆ ಕೊಡುತ್ತೇವೆ, ಅಜ್ಜಿ ಹೇಳಿದಂತೆ ಮಾಳಿಗೆಯ ಮೇಲೆ ಎಸೆಯಲಿ. ಮುಂದಿನ ಹಲ್ಲು ಎರಡು ಸಾಲಾದರೂ ಆಗದಿದ್ದರೂ, ಮಗುವಿಗೆ ಆರು ತುಂಬಿದಾಗ ಒಮ್ಮೆ ಹಿಂದಿನ ದವಡೆ ಹಲ್ಲು ತೋರಿಸಿಕೊಂಡು ಹೋಗಿ.